ಫ್ಲೆಕ್ಸಿಗೆ ಅಡಿ ಲೆಕ್ಕ, ವೆಬ್‌ಸೈಟಿಗೆ ಯಾವ ಲೆಕ್ಕ?

ಫ್ಲೆಕ್ಸ್ ಅಂಗಡಿಯಲ್ಲಿ ವ್ಯವಹಾರ ಶುರುವಾಗುವುದೇ ಅಳತೆಯಿಂದ. ‘ಹತ್ತು ಬೈ ನಾಲ್ಕು’ ಅಂದರೆ ಸಾಕು, ಚದರಡಿಗೆ ಇಷ್ಟು ಎಂದು ಗುಣಿಸಿ ಬೆಲೆ ಹೇಳಿಬಿಡುತ್ತಾರೆ. ಬೆಂಗಳೂರಿನ ಮಡಿವಾಳದಲ್ಲಿ ಪಿಜಿ ನಡೆಸುವವರು, ಹೊಸೂರು ರಸ್ತೆ ಬದಿಯ ಬಸ್ ಬುಕಿಂಗ್ ಏಜೆಂಟರು, ಕೇಟರಿಂಗ್‌ನವರು, ಟ್ಯೂಷನ್ ಹೇಳುವವರು, ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿಯವರು ಊರೆಲ್ಲ ಸುತ್ತಿ ಫ್ಲೆಕ್ಸ್‌ಗಳನ್ನು ಕಿತ್ತರು. ಅವು ಪೂರ್ತಿ ಹೋದವೇ ಎಂದು ಕೇಳಬೇಡಿ. ಆದರೆ ಗಿರಾಕಿ ಹುಡುಕುವ ಜಾಗವಂತೂ ಲೈಟು ಕಂಬದಿಂದ ಫೋನಿಗೆ ಇಳಿದಿದೆ. ಮೆಜೆಸ್ಟಿಕ್‌ನಲ್ಲಿ ಇಳಿಯುವ ಮೊದಲೇ ಹುಡುಗರು ‘ಮಡಿವಾಳ ಪಿಜಿ, ಡಬಲ್ ಶೇರಿಂಗ್’ ಎಂದು ಗೂಗಲ್‌ನಲ್ಲಿ ಹುಡುಕಿರುತ್ತಾರೆ.

ಹಾಗಾಗಿ ಸಣ್ಣ ವ್ಯಾಪಾರದವರೂ ವೆಬ್‌ಸೈಟ್ ಮಾಡಿಸುತ್ತಾರೆ. ಪುಟದ ತಲೆಯ ಮೇಲೆ ಅಡ್ಡಕ್ಕೆ ಹರಡಿಕೊಳ್ಳುವ ದೊಡ್ಡ ಚಿತ್ರ, ಅಂದರೆ ಹೆಡರ್ ಬ್ಯಾನರ್, ಬೇಕೆಂದಾಗ ಹಳೆಯ ಫ್ಲೆಕ್ಸ್ ಫೈಲನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಇದನ್ನೇ ಹಾಕಿಬಿಡಿ’ ಅನ್ನುತ್ತಾರೆ. ಕೆಲಸ ಕೆಡುವುದು ಅಲ್ಲೇ. ಬ್ಯಾನರ್ ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಫೋನಿನಲ್ಲಿ ಅರ್ಧ ಹೆಸರು ಕಾಣುತ್ತಿಲ್ಲ. ಫೋನಿನಲ್ಲಿ ಸರಿ ಮಾಡಿದರೆ ಕಂಪ್ಯೂಟರಿನಲ್ಲಿ ಮಸುಕು. ಎರಡೂ ಸರಿಹೋದರೆ ಪುಟ ತೆರೆಯಲು ಯುಗ ಹಿಡಿಯುತ್ತದೆ.

ವಿವರಣೆ ಆಮೇಲೆ, ಮೊದಲು ಅಳತೆ ಹೇಳಿ ಎನ್ನುವವರಿಗೆ ಇಲ್ಲಿದೆ. ಕಂಪ್ಯೂಟರಿಗೆ 1920 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರದ ಒಂದು ಚಿತ್ರ. ಫೋನಿಗೆ ಪ್ರತ್ಯೇಕವಾಗಿ 1080×1080 ಅಥವಾ 1080×1350ರ ಇನ್ನೊಂದು. ಎರಡೂ ತಲಾ 200 ಕೆಬಿ ಒಳಗಿರಲಿ. ಹೆಸರು, ದರ, ಫೋನ್ ನಂಬರ್ ಯಾವುದನ್ನೂ ಚಿತ್ರದೊಳಗೆ ಬರೆಸಬೇಡಿ. ಇಷ್ಟು ಹೇಳಿದರೆ ನಿಮ್ಮ ಡಿಸೈನರ್‌ಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಉಳಿದ ಕಾಲು ಪಾಲಿನಲ್ಲಿಯೇ ಜಗಳಗಳು ಹುಟ್ಟುವುದರಿಂದ ಮುಂದಕ್ಕೂ ಓದಿ.

ಅಡಿಯೂ ಇಲ್ಲ, ಇಂಚೂ ಇಲ್ಲ

ಹತ್ತು ಅಡಿಗೆ ನಾಲ್ಕು ಅಡಿಯ ಫ್ಲೆಕ್ಸ್ ವಿನ್ಯಾಸವನ್ನು ಇಂಚಿಗೆ 72 ಚುಕ್ಕೆಯಂತೆ ಮಾಡಿದರೂ ಅದು 8640×3456 ಪಿಕ್ಸೆಲ್ ಆಗುತ್ತದೆ. ಹತ್ತಿರ ಹತ್ತಿರ ಮೂರು ಕೋಟಿ ಪಿಕ್ಸೆಲ್. 1920×600ರ ಬ್ಯಾನರಿನಲ್ಲಿರುವುದು ಹನ್ನೊಂದೂವರೆ ಲಕ್ಷ. ಎಂದರೆ ಬೇಕಾದ್ದಕ್ಕಿಂತ 26 ಪಟ್ಟು ದೊಡ್ಡ ಚಿತ್ರವನ್ನು ಗಿರಾಕಿಯ ಫೋನಿಗೆ ತಳ್ಳುತ್ತಿದ್ದೀರಿ. ಅದರ ಡೇಟಾ ಖರ್ಚು ಅವನದು, ಕಾಯುವ ಕರ್ಮವೂ ಅವನದು.

‘ವೆಬ್‌ಸೈಟಿಗೆ 72 ಡಿಪಿಐ ಇಡಬೇಕು’ ಎಂಬ ಮಾತು ಡಿಸೈನ್ ಕಲಿಸುವ ಕಡೆಯೆಲ್ಲ ಕೇಳುತ್ತದೆ. ಅದಕ್ಕೆ ಅರ್ಥವೇ ಇಲ್ಲ. ಡಿಪಿಐ ಎನ್ನುವುದು ಮುದ್ರಣ ಯಂತ್ರಕ್ಕೆ ಕೊಡುವ ಸೂಚನೆ. ಬ್ರೌಸರ್ ಅದನ್ನು ನೋಡುವುದೂ ಇಲ್ಲ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 72 ಎಂದು ಉಳಿಸಿದರೂ 300 ಎಂದು ಉಳಿಸಿದರೂ ಪರದೆಯ ಮೇಲೆ ಅದು ಅಷ್ಟೇ. ಡಿಪಿಐ ಬಗ್ಗೆ ವಾದಿಸುವ ಹೊತ್ತಿನಲ್ಲಿ ಬಣ್ಣದ ಬಗ್ಗೆ ಕೇಳುವುದು ಮೇಲು. ಫ್ಲೆಕ್ಸ್ ಫೈಲು ಮುದ್ರಣದ ನಾಲ್ಕು ಬಣ್ಣದ ಲೆಕ್ಕದಲ್ಲಿ, ಅಂದರೆ ಸಿಎಂವೈಕೆಯಲ್ಲಿ, ಇರುತ್ತದೆ. ಅದನ್ನು ಹಾಗೆಯೇ ಪುಟಕ್ಕೆ ಹಾಕಿದರೆ ಕೆಂಪು ಒಂದು ಥರ, ಹಸಿರು ಇನ್ನೊಂದು ಥರ ಕಾಣುತ್ತದೆ. ಪರದೆಗೆ ಬೇಕಾದ್ದು ಎಸ್‌ಆರ್‌ಜಿಬಿ. ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ.

1920 ಎಲ್ಲಿಂದ ಬಂತು

ಈ ಸಂಖ್ಯೆಯನ್ನು ಯಾವ ದೇವರೂ ಕೆತ್ತಿಟ್ಟಿಲ್ಲ. ಪರದೆಗಳು ಬೆಳೆದಂತೆ ಇದೂ ಬೆಳೆದಿದೆ. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಕಾಣಿಸಿಕೊಂಡ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತಿನ ಅಳತೆ ಬರೀ 468×60. ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಜೊತೆಗೇ ಬರುವ ಥೀಮ್‌ಗಳನ್ನು, ಅಂದರೆ ಸಿದ್ಧ ವಿನ್ಯಾಸಗಳನ್ನು, ಸಾಲಾಗಿ ನೋಡಿದರೆ ಕಥೆ ಇನ್ನೂ ಸ್ಪಷ್ಟ. 2010ರ ‘ಟ್ವೆಂಟಿ ಟೆನ್’ ಥೀಮ್ ಕೇಳುತ್ತಿದ್ದದ್ದು 940×198ರ ಹೆಡರ್. ಮರುವರ್ಷದ ‘ಟ್ವೆಂಟಿ ಇಲೆವನ್’ 1000×288 ಕೇಳಿತು. 2016ರ ಡಿಸೆಂಬರ್‌ನಲ್ಲಿ ಬಂದ ‘ಟ್ವೆಂಟಿ ಸೆವೆಂಟೀನ್’ ಹೊತ್ತಿಗೆ ಅದು 2000×1200 ಆಗಿತ್ತು. ಹಾಗಾಗಿ ಮೊದಲ ಕೆಲಸ, ನಿಮ್ಮ ಥೀಮ್ ಏನು ಕೇಳುತ್ತದೆ ಎಂದು ಅದರ ಸೆಟ್ಟಿಂಗ್‌ನಲ್ಲಿ ನೋಡುವುದು. ಚಿತ್ರ ಸೇರಿಸುವ ಜಾಗದ ಪಕ್ಕದಲ್ಲೇ ಅನೇಕ ಥೀಮ್‌ಗಳು ಅಳತೆ ಬರೆದಿರುತ್ತವೆ. ಅಲ್ಲಿ ಒಂದು ಅಳತೆ ಇದ್ದರೆ ನನ್ನ ಮಾತಿಗಿಂತ ಅದೇ ಮುಖ್ಯ.

ಥೀಮ್ ಏನೂ ಹೇಳದಿದ್ದರೆ ಪರದೆಗಳನ್ನು ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳು 1366×768. ಈಚಿನವು 1920×1080, ಆದರೆ ವಿಂಡೋಸ್‌ನಲ್ಲಿ ಅಕ್ಷರ ದೊಡ್ಡದಾಗಲೆಂದು ಶೇಕಡಾ 125ಕ್ಕೆ ಏರಿಸಿಟ್ಟಿದ್ದರೆ ಬ್ರೌಸರ್ ಪಾಲಿಗೆ ಅದರ ಅಗಲ 1536 ಮಾತ್ರ. 1920×600ರ ಚಿತ್ರ 1366ರ ಪರದೆಯಲ್ಲಿ ಸುಮಾರು 427 ಪಿಕ್ಸೆಲ್ ಎತ್ತರ ನಿಲ್ಲುತ್ತದೆ. ಮೇಲಿನ ಅಡ್ರೆಸ್ ಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಕಳೆದ ಮೇಲೂ ಬ್ಯಾನರ್ ಕೆಳಗೆ ಒಂದೆರಡು ಸಾಲು ಇಣುಕುತ್ತದೆ. ಆ ಇಣುಕು ಬಹಳ ಮುಖ್ಯ. ಇಡೀ ಪರದೆಯನ್ನು ಚಿತ್ರವೇ ನುಂಗಿದರೆ ಕೆಳಗೆ ಇನ್ನೇನೋ ಇದೆ ಎಂಬುದೇ ಬಂದವರಿಗೆ ತಿಳಿಯುವುದಿಲ್ಲ. 1920×1080ರ ಪೂರ್ತಿ ಪರದೆಯ ಬ್ಯಾನರ್ ಮದುವೆ ಫೋಟೋಗ್ರಾಫರ್‌ಗೆ, ಇಂಟೀರಿಯರ್ ಮಾಡುವವರಿಗೆ ಸರಿ. ಚಿತ್ರವೇ ಅವರ ಸರಕು. ಹೆಚ್ಚು ಪಿಕ್ಸೆಲ್ ತುಂಬಿದ ಮ್ಯಾಕ್‌ಬುಕ್‌ನಂಥ ಪರದೆಗಳಿಗಾಗಿ ಅವರು 2560 ಅಗಲಕ್ಕೂ ಹೋಗಬಹುದು. ಊಟ-ವಸತಿ, ಟಿಕೆಟ್ ಬುಕಿಂಗ್‌ನವರಿಗೆ ಆ ದುಂದು ಬೇಡ.

ಇನ್ನು ಫೋನು. ಆಂಡ್ರಾಯ್ಡ್ ಫೋನುಗಳು ಬ್ರೌಸರಿಗೆ ತಮ್ಮ ಅಗಲವನ್ನು ಸಾಮಾನ್ಯವಾಗಿ 360ರಿಂದ 430 ಪಿಕ್ಸೆಲ್ ಎಂದು ಹೇಳಿಕೊಳ್ಳುತ್ತವೆ. ಪರದೆಯಲ್ಲಿ ನಿಜಕ್ಕೂ ಇರುವ ಚುಕ್ಕೆಗಳು ಅದರ ಎರಡರಷ್ಟೋ ಮೂರರಷ್ಟೋ ಇರುತ್ತವೆ. 360ರ ಮೂರರಷ್ಟು 1080. ಮೇಲೆ ಹೇಳಿದ ಫೋನ್ ಅಳತೆ ಬಂದದ್ದು ಹೀಗೆ.

ಕಂಪ್ಯೂಟರ್ ಬ್ಯಾನರನ್ನೇ ಫೋನಿನಲ್ಲೂ ತೋರಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. 1920×600ರ ಚಿತ್ರವನ್ನು 360ಕ್ಕೆ ಕುಗ್ಗಿಸಿದರೆ ಎತ್ತರ 112 ಪಿಕ್ಸೆಲ್. ಹೆಬ್ಬೆರಳಿನಷ್ಟು ದಪ್ಪದ ಪಟ್ಟಿ. ಅದರಲ್ಲಿ 60 ಪಿಕ್ಸೆಲ್ ಎತ್ತರದ ಅಕ್ಷರ ಬರೆಸಿದ್ದರೆ ಫೋನಿನಲ್ಲಿ ಅದು 11 ಪಿಕ್ಸೆಲ್. ಕನ್ನಡಕ ತೆಗೆದಿಟ್ಟವರಿಗೆ ಅದೊಂದು ಗೆರೆ ಅಷ್ಟೆ. ಕುಗ್ಗಿಸುವ ಬದಲು ಫೋನಿನಲ್ಲಿ 400 ಪಿಕ್ಸೆಲ್ ಎತ್ತರದ ಚೌಕಟ್ಟು ತುಂಬುವಂತೆ ಕತ್ತರಿಸಿ ತೋರಿಸಿದರೆ, ಚಿತ್ರದ ಅಗಲದಲ್ಲಿ ನಡುವಿನ ಶೇಕಡಾ 28ರಷ್ಟು ಮಾತ್ರ ಉಳಿಯುತ್ತದೆ. ಎಡಗಡೆಯ ಲೋಗೊ ಹೋಯಿತು, ಬಲಗಡೆಯ ಫೋನ್ ನಂಬರ್ ಹೋಯಿತು. ಉಳಿದದ್ದು ನಡುವೆ ನಗುವ, ಯಾರೆಂದು ಯಾರಿಗೂ ಗೊತ್ತಿಲ್ಲದ ಮಾಡೆಲ್.

ಅದಕ್ಕೇ ಎರಡು ಚಿತ್ರ ಬೇಕೆಂದದ್ದು. ಈ ಪರದೆಗೆ ಇದು, ಆ ಪರದೆಗೆ ಅದು ಎಂದು ಹೇಳುವ ‘ಪಿಕ್ಚರ್’ ಎಂಬ ಟ್ಯಾಗ್ ಎಚ್‌ಟಿಎಂಎಲ್‌ನಲ್ಲೇ ಇದೆ; ಪುಟ ಕಟ್ಟುವವರಿಗೆ ಐದು ನಿಮಿಷದ ಕೆಲಸ. ಒಂದೇ ಚಿತ್ರದಲ್ಲಿ ಸುಧಾರಿಸಲೇಬೇಕೆಂದರೆ ಮುಖ್ಯವಾದದ್ದೆಲ್ಲ ನಡುವಿನ ಕಾಲು ಭಾಗದಲ್ಲಿರಲಿ, ಎರಡು ಬದಿಗಳು ಕತ್ತರಿಸಿ ಹೋದರೂ ನಷ್ಟವಾಗದಂಥ ಹಿನ್ನೆಲೆಯಾಗಿರಲಿ. ಯೂಟ್ಯೂಬ್ ಇದನ್ನೇ ನಿಯಮ ಮಾಡಿಬಿಟ್ಟಿದೆ: ಚಾನೆಲ್ ಬ್ಯಾನರ್ ಕನಿಷ್ಠ 2048×1152 ಇರಬೇಕು, ಆದರೆ ಎಲ್ಲ ಪರದೆಗಳಲ್ಲೂ ಉಳಿಯುವುದು ನಡುವಿನ 1235×338 ಮಾತ್ರ.

ಒತ್ತಕ್ಷರಕ್ಕೆ ಜಾಗ ಬಿಡಿ

ಇಂಗ್ಲಿಷ್‌ನಲ್ಲಿ ಬರುವ ಸಲಹೆಗಳು ಯಾವುವೂ ಹೇಳದ ಒಂದು ಸಂಗತಿ ನಮ್ಮ ಲಿಪಿಯದು. ಇಂಗ್ಲಿಷಿನ ದೊಡ್ಡಕ್ಷರಗಳ ಸಾಲು ಒಂದು ಗೆರೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಸಪೂರ ಪಟ್ಟಿಯೊಳಗೂ ಹಿಡಿಸುತ್ತದೆ. ಕನ್ನಡ ಹಾಗಲ್ಲ. ‘ಸ್ತ್ರೀಯರಿಗೆ ಸ್ವಚ್ಛ ವಸತಿ’ ಎಂದು ಬರೆದು ನೋಡಿ. ಮೇಲೆ ಗುಣಿತದ ಗುಡಿಸು, ಕೆಳಗೆ ತಕಾರದ ಒತ್ತು, ಅದಕ್ಕಂಟಿ ರಕಾರದ ಒತ್ತು, ಪಕ್ಕದಲ್ಲಿ ದೀರ್ಘ. ಒಂದೇ ಅಕ್ಷರ ಮೂರು ಅಂತಸ್ತಿನ ಮನೆ. ಇಂಗ್ಲಿಷಿಗೆಂದು ಹೊಲಿದ ಥೀಮ್‌ನಲ್ಲಿ ಸಾಲಿನ ಎತ್ತರವನ್ನು ಅಕ್ಷರದ 1.2ರಷ್ಟು ಇಟ್ಟಿರುತ್ತಾರೆ. ಆ ಚೌಕಟ್ಟಿನಲ್ಲಿ ಕನ್ನಡದ ಒತ್ತಕ್ಷರಗಳ ಬಾಲ ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಕನ್ನಡ ಶೀರ್ಷಿಕೆಗೆ ಅದನ್ನು 1.6ರಿಂದ 1.8ರವರೆಗೆ ಏರಿಸಿ. ಬ್ಯಾನರ್ ಪಟ್ಟಿಯ ಎತ್ತರವೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಇಂಗ್ಲಿಷಿಗೆ 200 ಸಾಕಾದ ಕಡೆ ಕನ್ನಡಕ್ಕೆ 260 ಬಿಡಿ.

ಇದಕ್ಕಿಂತ ದೊಡ್ಡ ತಲೆನೋವು ನುಡಿ ಫಾಂಟಿನದು. ಫ್ಲೆಕ್ಸ್ ಅಂಗಡಿಗಳ ಕೋರೆಲ್‌ಡ್ರಾದಲ್ಲಿ ಇಂದಿಗೂ ನುಡಿಯಂಥ ಹಳೆಯ ಆಸ್ಕಿ ಮಾದರಿಯ ಕನ್ನಡ ಫಾಂಟುಗಳು ಓಡುತ್ತವೆ. ಅಲ್ಲಿಂದ ಅಕ್ಷರಗಳನ್ನು ನಕಲು ಮಾಡಿ ಪುಟಕ್ಕೆ ಹಾಕಿದರೆ ಇಂಗ್ಲಿಷಿನ ಚಿತ್ರವಿಚಿತ್ರ ಚಿಹ್ನೆಗಳು ಬರುತ್ತವೆ. ಬೇಸತ್ತ ಡಿಸೈನರ್ ಅಕ್ಷರವನ್ನೂ ಚಿತ್ರವನ್ನಾಗಿ ಮಾಡಿ ಅಂಟಿಸಿ ಕೈತೊಳೆದುಕೊಳ್ಳುತ್ತಾನೆ. ಬ್ಯಾನರ್‌ನಲ್ಲಿ ಅಕ್ಷರ ಸೇರಿಕೊಳ್ಳುವ ಚಟ ಕನ್ನಡ ತಾಣಗಳಲ್ಲಿ ಇಷ್ಟು ಬೇರೂರಲು ಇದೇ ಕಾರಣವೆಂದು ನನ್ನ ಅಂದಾಜು. ಒಂದು ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ. ಈಗ ಆ ನೆಪ ನಡೆಯುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಟೀರೋ ಕನ್ನಡ, ಬೆಣ್ಣೆ ಮುಂತಾದ ಯೂನಿಕೋಡ್ ಫಾಂಟುಗಳಿವೆ, ಕಾಸು ಕೊಡಬೇಕಿಲ್ಲ. ಬ್ಯಾನರ್ ಚಿತ್ರ ಕೆಳಗೆ ಇರಲಿ, ಅದರ ಮೇಲೆ ಹೆಸರು ನಿಜವಾದ ಅಕ್ಷರವಾಗಿ ಕೂರಲಿ.

ಹೀಗೆ ಮಾಡಿದರೆ ಫೋನಿನಲ್ಲಿ ಅಕ್ಷರ ತಾನಾಗಿ ಎರಡು ಸಾಲಿಗೆ ಮುರಿಯುತ್ತದೆ, ಚಿಕ್ಕದಾಗಿ ಮಾಯವಾಗುವುದಿಲ್ಲ. ಗೂಗಲ್ ಹುಡುಕಾಟಕ್ಕೆ ಸಿಗುತ್ತದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಮಡಿವಾಳದ ಮಟ್ಟಿಗೆ ಇನ್ನೊಂದು ಲಾಭವಿದೆ. ಇಲ್ಲಿ ರೂಮು ಹುಡುಕುವವರಲ್ಲಿ ಕೇರಳದವರಿದ್ದಾರೆ, ಆಂಧ್ರದವರಿದ್ದಾರೆ, ತಮಿಳುನಾಡಿನವರು, ಉತ್ತರದವರು ಎಲ್ಲ ಇದ್ದಾರೆ. ಬ್ರೌಸರ್‌ನ ಅನುವಾದ ಗುಂಡಿ ಒತ್ತಿದರೆ ಪುಟದ ಅಕ್ಷರಗಳು ಮಲಯಾಳಕ್ಕೋ ಹಿಂದಿಗೋ ತಿರುಗುತ್ತವೆ. ಚಿತ್ರದೊಳಗೆ ಬರೆಸಿದ ‘ಊಟ ಸಹಿತ’ ಮಾತ್ರ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ಬರೆದರೆ ಹೊರಗಿನವರಿಗೆ ತಿಳಿಯುವುದಿಲ್ಲ ಎಂದು ಕನ್ನಡವನ್ನೇ ಕೈಬಿಡುವ ಮಾಲೀಕರು ಇದನ್ನು ಗಮನಿಸಬೇಕು.

ಚಿತ್ರದ ಮೇಲೆ ಅಕ್ಷರ ಕೂರಿಸುವಾಗ ನಡುವೆ ತೆಳುವಾದ ಕಪ್ಪು ಛಾಯೆ ಹಾಕಿಸಿ. ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಗಾತ್ರದ ಅಕ್ಷರವಾದರೆ 3:1 ವ್ಯತ್ಯಾಸ ಕೇಳುತ್ತದೆ. ಹಳದಿ ಗೋಡೆಯ ಮೇಲೆ ಬಿಳಿ ಅಕ್ಷರ ಬರೆದರೆ ಬಿಸಿಲಿನಲ್ಲಿ ನಿಂತು ಫೋನ್ ನೋಡುವವನಿಗೆ ಏನೂ ಕಾಣುವುದಿಲ್ಲ.

ಕೆರೆ ಅಡ್ಡ, ಗೋಪುರ ಉದ್ದ

ಅಳತೆ ಸರಿಯಿದ್ದೂ ಬ್ಯಾನರ್ ಸೋಲುವುದು ಚಿತ್ರದ ಆಯ್ಕೆಯಲ್ಲಿ. ಮೂರು ಪಾಲಿಗೂ ಮೀರಿ ಅಡ್ಡವಿರುವ ಚೌಕಟ್ಟಿಗೆ ಅಡ್ಡಕ್ಕೇ ಹರಡಿದ ವಸ್ತು ಬೇಕು. ಮಡಿವಾಳ ಕೆರೆ ಅಂಥದ್ದು: ನಗರದ ದೊಡ್ಡ ಕೆರೆಗಳಲ್ಲೊಂದು, ನೀರು, ದಡದ ಮರಗಳ ಸಾಲು, ಅದೃಷ್ಟವಿದ್ದರೆ ಹೆಜ್ಜಾರ್ಲೆಗಳು. ಎಡಬಲ ಎಷ್ಟು ಕತ್ತರಿಸಿದರೂ ಕೆರೆ ಕೆರೆಯೇ. ದೇವಸ್ಥಾನದ ಗೋಪುರವನ್ನು ಅದೇ ಪಟ್ಟಿಗೆ ಹಾಕಲು ಹೋದರೆ ಕಳಶವೋ ಬಾಗಿಲೋ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು. ಮಡಿವಾಳದ ಸೋಮೇಶ್ವರನ ಗುಡಿಯ ತಾಣಕ್ಕೆ ಬ್ಯಾನರ್ ಮಾಡುವುದಾದರೆ ನಾನು ಹೊರಗೋಡೆಯ ಶಾಸನದ ಸಾಲುಗಳನ್ನು ಹತ್ತಿರದಿಂದ ತೆಗೆಯುತ್ತೇನೆ. 13ನೇ ಶತಮಾನದ ಆ ತಮಿಳು ಶಾಸನ ಕಲ್ಲಿನ ಮೇಲೆ ಅಡ್ಡಕ್ಕೇ ಓಡುತ್ತದೆ. ಗೋಪುರವನ್ನು ಫೋನಿನ ನಿಲುವು ಚಿತ್ರಕ್ಕೆ ಇಟ್ಟುಕೊಳ್ಳುತ್ತೇನೆ.

ಪಿಜಿಯವರು ಕಟ್ಟಡದ ಮುಂಭಾಗ ತೆಗೆಯುತ್ತಾರೆ. ಮೂವತ್ತು ಅಡಿ ಅಗಲದ ನಿವೇಶನದಲ್ಲಿ ನಾಲ್ಕು ಮಹಡಿ ಎದ್ದರೆ ಅದು ನಿಲುವು ವಸ್ತುವೇ. ಎದುರಿನ ರಸ್ತೆ ಕಿರಿದಾದ್ದರಿಂದ ಹಿಂದೆ ಸರಿದು ತೆಗೆಯಲೂ ಆಗದು. ಬದಲಿಗೆ ಊಟದ ಹಾಲ್‌ನ ಉದ್ದ ಮೇಜು ಅಥವಾ ಬೆಳಕು ಬಿದ್ದ ಕೋಣೆ ತೆಗೆಯಿರಿ. ಫೋನನ್ನು ಅಡ್ಡ ಹಿಡಿದು, ಬೇಕಾದ್ದಕ್ಕಿಂತ ಸುತ್ತಲೂ ಜಾಗ ಬಿಟ್ಟು ತೆಗೆದರೆ ಆಮೇಲೆ ಎರಡು ಆಕಾರಕ್ಕೂ ಕತ್ತರಿಸಲು ಅನುಕೂಲ. ಗೂಗಲ್‌ನಿಂದ ಇಳಿಸಿದ ಸಿಂಗಪುರದ ಹೋಟೆಲ್ ಕೋಣೆಯ ಚಿತ್ರ ಹಾಕಬೇಡಿ. ಹಕ್ಕುಸ್ವಾಮ್ಯದ ತಂಟೆ ಒಂದು ಕಡೆಗಿರಲಿ, ಅಡ್ವಾನ್ಸ್ ಕೊಟ್ಟು ಬಂದ ಹುಡುಗ ಮೊದಲ ದಿನವೇ ಒಂದು ಸ್ಟಾರ್ ರೇಟಿಂಗ್ ಒತ್ತುತ್ತಾನೆ.

ತೂಕದ ಮಾತು

ಫೋನ್ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಫೋಟೋ ಹೆಚ್ಚುಕಡಿಮೆ 4 ಎಂಬಿ ತೂಗುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ಸಿಗುವ ಕಡೆ ಅದೊಂದೇ ಇಳಿಯಲು ನಾಲ್ಕು ಸೆಕೆಂಡು. 200 ಕೆಬಿಯ ಚಿತ್ರಕ್ಕೆ ಸೆಕೆಂಡಿನ ಐದನೇ ಒಂದು ಪಾಲು ಸಾಕು. ಪುಟದ ಅತಿ ದೊಡ್ಡ ಅಂಶ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆಗೋಲು, ಮತ್ತು ಬಹುತೇಕ ತಾಣಗಳಲ್ಲಿ ಆ ಅತಿ ದೊಡ್ಡ ಅಂಶ ಈ ಬ್ಯಾನರೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸಿನೊಳಗೆ ನಿಂತು ಟಿಕೆಟ್ ಹುಡುಕುವವನಿಗೆ ತಾಳ್ಮೆ ಉಳಿದಿರುವುದಿಲ್ಲ.

ಫೋಟೋ ಆದರೆ ವೆಬ್‌ಪಿ, ಅದು ಗೊತ್ತಿಲ್ಲದಿದ್ದರೆ ಗುಣಮಟ್ಟ 75ರಿಂದ 80ರ ಜೆಪೆಗ್. ಪಿಎನ್‌ಜಿಯಲ್ಲಿ ಫೋಟೋ ಉಳಿಸಬೇಡಿ. ಅದೇ ಚಿತ್ರ ಹಲವು ಪಟ್ಟು ಭಾರವಾಗುತ್ತದೆ. ಲೋಗೊ ಎಸ್‌ವಿಜಿ ಆಗಿದ್ದರೆ ಎಷ್ಟು ಹಿಗ್ಗಿಸಿದರೂ ಮಸುಕಾಗದು. ಗೂಗಲ್‌ನ ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ ಚಿತ್ರ ಹಾಕಿ ಗುಂಡಿ ಎಳೆದರೆ ಮೊದಲು ಹೇಗಿತ್ತು, ಈಗ ಹೇಗಿದೆ, ಎಷ್ಟು ಕೆಬಿ ಇಳಿಯಿತು ಎಂದು ಪಕ್ಕಪಕ್ಕದಲ್ಲೇ ತೋರಿಸುತ್ತದೆ. ವರ್ಡ್‌ಪ್ರೆಸ್ 2015ರ ಕೊನೆಯಿಂದಲೂ ಒಂದೇ ಚಿತ್ರದ ಹಲವು ಗಾತ್ರ ಮಾಡಿಟ್ಟುಕೊಂಡು ಪರದೆಗೆ ತಕ್ಕದ್ದನ್ನು ಕಳಿಸುತ್ತದೆ. ಆದರೆ ಅನೇಕ ಪುಟ ಕಟ್ಟುವ ಪ್ಲಗಿನ್‌ಗಳು ಬ್ಯಾನರನ್ನು ‘ಬ್ಯಾಕ್‌ಗ್ರೌಂಡ್’ ಆಗಿ ಹಾಕುತ್ತವೆ. ಆಗ ಈ ಅನುಕೂಲ ಸಿಗುವುದಿಲ್ಲ. ಹಾಗೇನಾದರೂ ಇದ್ದರೆ ಫೋನಿಗೆ ಬೇರೆ ಚಿತ್ರ ಎಂದು ಕೈಯಾರೆ ಹೇಳಬೇಕು. ಚಿತ್ರವನ್ನು ಅದು ಕಾಣುವ ಹೊತ್ತಿಗೆ ಮಾತ್ರ ಇಳಿಸುವ ‘ಲೇಜಿ ಲೋಡ್’ ಎಂಬ ಸೌಲಭ್ಯ ಕೆಳಗಿನ ಚಿತ್ರಗಳಿಗೆ ಒಳ್ಳೆಯದು, ಬ್ಯಾನರಿಗೆ ಮಾತ್ರ ಅದನ್ನು ಹಾಕಬೇಡಿ. ಚಿತ್ರದ ಅಗಲ-ಎತ್ತರವನ್ನು ಕೋಡ್‌ನಲ್ಲಿ ನಮೂದಿಸದಿದ್ದರೆ ಚಿತ್ರ ತಡವಾಗಿ ಬಂದು ಇಡೀ ಪುಟವನ್ನು ಕೆಳಗೆ ತಳ್ಳುತ್ತದೆ. ‘ಕರೆ ಮಾಡಿ’ ಒತ್ತಲು ಹೋದವನ ಬೆರಳು ಇನ್ನೇನನ್ನೋ ಒತ್ತಿರುತ್ತದೆ.

ಐದು ಚಿತ್ರ ಒಂದಾದ ಮೇಲೊಂದು ಜಾರುವ ಸ್ಲೈಡರ್ ಬೇಕೆಂದು ಮಾಲೀಕರು ಆಸೆಪಡುತ್ತಾರೆ. ತಲಾ 200 ಕೆಬಿಯಾದರೂ ಅದು ಒಂದು ಎಂಬಿ. ಎರಡನೆಯ ಚಿತ್ರ ಬರುವಷ್ಟರಲ್ಲಿ ನೋಡುವವನು ಕೆಳಗೆ ಜಾರಿರುತ್ತಾನೆ. ಬೇಡವೆನ್ನಿ.

ಬ್ಯಾನರ್ ಮಾಡಿಸುವಾಗಲೇ ಇನ್ನೊಂದು ಚಿತ್ರ ಕೇಳಿಕೊಳ್ಳಿ: 1200×630. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ತಾಣದ ಲಿಂಕ್ ಹಂಚಿದಾಗ ಮೇಲೆ ಕಾಣುವ ಚಿತ್ರ ಇದು. ಕೆಲವು ಫೋನುಗಳಲ್ಲಿ ನಡುವಿನ ಚೌಕ ಮಾತ್ರ ತೋರುವುದರಿಂದ ಮುಖ್ಯವಾದದ್ದು ನಡುವೆಯೇ ಇರಲಿ. ಮಡಿವಾಳದ ವ್ಯಾಪಾರಕ್ಕೆ ಹೆಡರ್ ಬ್ಯಾನರಿಗಿಂತ ಇದರಿಂದಲೇ ಹೆಚ್ಚು ಕೆಲಸವಾದೀತು. ಫೇಸ್‌ಬುಕ್ ಪುಟದ ಕವರ್ ಕಂಪ್ಯೂಟರಿನಲ್ಲಿ ಒಂದು ಆಕಾರದಲ್ಲಿ, ಫೋನಿನಲ್ಲಿ ಇನ್ನೊಂದು ಆಕಾರದಲ್ಲಿ ಕಾಣುತ್ತದೆ. ಅಲ್ಲಿಯೂ ಅದೇ ನಡುವಿನ ನಿಯಮ.

ಕೊನೆಗೊಂದು ಮಾತು, ಡಿಸೈನರ್‌ಗಳಿಗೆ ಇಷ್ಟವಾಗಲಾರದು. ಅರ್ಧಕ್ಕರ್ಧ ಸಣ್ಣ ವ್ಯಾಪಾರಗಳಿಗೆ ದೊಡ್ಡ ಬ್ಯಾನರ್ ಬೇಕಿಲ್ಲ. ಪಿಜಿ ಹುಡುಕುವವರಿಗೆ ಬೇಕಾದ್ದು ದರ, ಅಡ್ವಾನ್ಸ್ ಎಷ್ಟು, ಊಟ ವೆಜ್ಜೋ ನಾನ್‌ವೆಜ್ಜೋ, ಸಿಲ್ಕ್ ಬೋರ್ಡ್ ಮೆಟ್ರೊ ನಿಲ್ದಾಣಕ್ಕೆ ಎಷ್ಟು ದೂರ. ಬಸ್ ಬುಕಿಂಗ್‌ಗೆ ಬಂದವರಿಗೆ ಹತ್ತುವ ಜಾಗ ಮತ್ತು ಸಮಯ. ಒಂದೇ ಬಣ್ಣದ ಪಟ್ಟಿಯ ಮೇಲೆ ಹೆಸರು, ಕೆಳಗೆ ಈ ವಿವರ, ಅದರ ಪಕ್ಕ ಒಂದು ಒಳ್ಳೆಯ ಫೋಟೋ ಇಟ್ಟರೆ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಬ್ಯಾನರ್ ಹಾಕಿಸಿ, ಇಲ್ಲವೇ ಬಿಡಿ, ಅದು ನಿಮ್ಮಿಷ್ಟ. ಫೋನ್ ನಂಬರನ್ನು ಮಾತ್ರ ಒತ್ತಿದ ಕೂಡಲೇ ಕರೆ ಹೋಗುವಂತೆ ಅಕ್ಷರದಲ್ಲೇ ಹಾಕಿಸಿ, ಹಣ ಕೊಡುವ ಮೊದಲು ನಿಮ್ಮದೇ ಫೋನಿನಿಂದ ಒಮ್ಮೆ ಒತ್ತಿ ನೋಡಿ.